ಬಾಲಣ್ಣನ ಊರಿನಿಂದ ಒಂದು ಪತ್ರ: ಕನ್ನಡ ಪಿಕ್ಚರಿಗೆ ಕನ್ನಡ ಅಕ್ಷರ ಹಾಕಿ

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯವರಿಗೆ, ಕರ್ನಾಟಕ ಚಲನಚಿತ್ರ ಅಕಾಡೆಮಿಯವರಿಗೆ, ಕನ್ನಡದಲ್ಲಿ ಸಿನಿಮಾ ಮಾಡುವ ಎಲ್ಲ ನಿರ್ಮಾಪಕರಿಗೆ,

ನಮಸ್ಕಾರ.

ನಾನು ಅರಸೀಕೆರೆಯವನು. ಊರಲ್ಲಿ ಒಂದು ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದೇನೆ. ವಯಸ್ಸು ಅರವತ್ತೊಂದು. ಸಿನಿಮಾದವರಿಗೆ ಪತ್ರ ಬರೆಯುವಷ್ಟು ದೊಡ್ಡ ಮನುಷ್ಯ ಅಲ್ಲ. ಆದರೆ ಟಿಕೆಟ್ ತೆಗೆದುಕೊಂಡು ಪಿಕ್ಚರ್ ನೋಡುತ್ತ ಐವತ್ತು ವರ್ಷ ದಾಟಿತು. ಆ ಲೆಕ್ಕದಲ್ಲಿ ನಿಮ್ಮ ಮೇಲೆ ಒಂಚೂರು ಹಕ್ಕಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಹೋದ ವರ್ಷ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆವು, ನಾನು ಮತ್ತು ನಮ್ಮ ಮನೆಯವಳು. ಭಾನುವಾರ ಒಂದು ಮಾಲ್‌ನಲ್ಲಿ ಹೊಸ ಕನ್ನಡ ಪಿಕ್ಚರ್ ನೋಡೋಣ ಅಂತ ಹೊರಟೆವು. ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಗಳು ಕೌಂಟರಿನ ಹುಡುಗನನ್ನು ಕೇಳಿದಳು, ಅಕ್ಷರ ಬರುವ ಶೋ ಯಾವುದಾದರೂ ಇದೆಯಾ ಅಂತ. ಹುಡುಗ ನನ್ನ ಮುಖ ನೋಡಿದ. ಅವನು ಹೇಳಿದ್ದನ್ನು ಮಗಳು ಆಮೇಲೆ ಹೇಳಬೇಕಾಗಲಿಲ್ಲ, ತುಟಿ ನೋಡಿಯೇ ಗೊತ್ತಾಯಿತು. "ಇದು ಕನ್ನಡ ಪಿಕ್ಚರೇ ಅಲ್ವಾ ಸಾರ್, ಇದಕ್ಕ್ಯಾಕೆ ಸಬ್‌ಟೈಟಲ್?"

ಅವನ ತಪ್ಪಲ್ಲ. ಪಾಪ, ಅವನಿಗೆ ಅಷ್ಟೇ ಹೇಳಿಕೊಟ್ಟಿದ್ದಾರೆ. ಸಬ್‌ಟೈಟಲ್ ಅಂದರೆ ಭಾಷೆ ಬರದವರಿಗೆ ಅಂತ.

ಒಳಗೆ ಹೋಗಿ ಕೂತರೆ ತೆರೆಯ ಕೆಳಗೆ ಅಕ್ಷರ ಬಂದೇ ಬಂತು. ಇಂಗ್ಲಿಷಿನಲ್ಲಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬ್ಯಾಂಕಿನ ಚಲನ್, ಕರೆಂಟ್ ಬಿಲ್ಲು ಓದುವಷ್ಟು ಇಂಗ್ಲಿಷ್ ಬರುತ್ತದೆ. ಮಾತಿನ ವೇಗಕ್ಕೆ ಓಡುವ ಇಂಗ್ಲಿಷ್ ಎಲ್ಲಿ ಸಿಗಬೇಕು? ಹಿಡಿದ ಒಂದೆರಡು ಸಾಲಿನಲ್ಲಿ ಹೀರೋ ತನ್ನ ಗೆಳೆಯನಿಗೆ "ಟೀಚರ್" ಅನ್ನುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನ ಪಡ್ಡೆ ಹುಡುಗರು, ಇವನು ಯಾವಾಗ ಮೇಷ್ಟ್ರಾದ ಅಂತ ತಲೆ ಕೆಡಿಸಿಕೊಂಡೆ. ಮನೆಗೆ ಬಂದ ಮೇಲೆ ಮಗಳು ನಕ್ಕು ನಕ್ಕು ಹೇಳಿದಳು, ಅದು "ಏನ್ ಗುರೂ" ಅಂತ ಇದ್ದದ್ದು.

ಕನ್ನಡ ಬಾರದವರಿಗೂ ನಮ್ಮ ಪಿಕ್ಚರ್ ಅರ್ಥವಾಗಲಿ ಅಂತ ನೀವು ಇಂಗ್ಲಿಷ್ ಅಕ್ಷರ ಹಾಕುತ್ತೀರಿ. ಒಳ್ಳೆಯದು, ಹಾಕಿ. ಕನ್ನಡ ಬರುತ್ತದೆ, ಕಿವಿ ಮಾತ್ರ ಕೇಳಿಸಲ್ಲ ಅನ್ನುವವರಿಗೆ ಏನು ಹಾಕುತ್ತೀರಿ?

ಇದನ್ನು ಕೇಳುವಾಗ ನನಗೆ ನೆನಪಾಗುವುದು ಒಬ್ಬರೇ. ನಮ್ಮ ಊರಿನವರು. ನಟ ಟಿ. ಎನ್. ಬಾಲಕೃಷ್ಣ. ನಿಮಗೂ ನಮಗೂ ಬಾಲಣ್ಣ.

ಬಾಲಣ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ, ತೀರಾ ಬಡತನದಲ್ಲಿ. ಕಂಪನಿ ನಾಟಕಗಳಲ್ಲಿ ಬೆಳೆದು, 1943ರಲ್ಲಿ 'ರಾಧಾರಮಣ' ಚಿತ್ರದಿಂದ ಸಿನಿಮಾಗೆ ಬಂದರು. ಅದು ಎಂ. ವಿ. ರಾಜಮ್ಮನವರು ನಿರ್ಮಿಸಿದ ಚಿತ್ರ. ಅಲ್ಲಿಂದ 1995ರ ಜುಲೈ 19ರಂದು ತೀರಿಕೊಳ್ಳುವ ತನಕ ಐವತ್ತು ವರ್ಷ, ಐನೂರಕ್ಕೂ ಜಾಸ್ತಿ ಚಿತ್ರ. ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನುವುದೂ ನಿಮಗೆ ಗೊತ್ತು. ಜೊತೆಗಿದ್ದವರು ಹೇಳಿದ್ದಾರೆ, ಬರೆದವರು ಬರೆದಿದ್ದಾರೆ. ಎದುರಿನವರ ತುಟಿ ನೋಡಿಕೊಂಡು, ತಮ್ಮ ಮಾತಿನ ಜೊತೆಗೆ ಅವರ ಮಾತನ್ನೂ ಬಾಯಿಪಾಠ ಮಾಡಿಕೊಂಡು ಅಭಿನಯಿಸುತ್ತಿದ್ದರು.

ನಾನು ಈ ಸುದ್ದಿಯನ್ನು ಮೊದಲು ಕೇಳಿದ್ದು ಚಿಕ್ಕವನಿದ್ದಾಗ, ಕ್ಷೌರದ ಅಂಗಡಿಯಲ್ಲಿ. ಆಗ ಕಿವಿ ಚೆನ್ನಾಗೇ ಇತ್ತು. ಹೌದಾ ಅಂತ ಆಶ್ಚರ್ಯಪಟ್ಟು ಮರೆತೆ. ಕಿವಿ ಇರುವವನಿಗೆ ಅದು ಬರೀ ಸ್ವಾರಸ್ಯದ ಸಂಗತಿ, ಅಷ್ಟೇ.

ನನ್ನ ಕಿವಿ ಹೋದದ್ದು ಒಂದು ದಿನದಲ್ಲಿ ಅಲ್ಲ. ಮಿಲ್ಲು ತಂದೆಯ ಕಾಲದ್ದು. ಮೂವತ್ತೈದು ವರ್ಷ ಮೋಟಾರು, ಬೆಲ್ಟು, ಕಲ್ಲಿನ ಸದ್ದಿನ ಪಕ್ಕದಲ್ಲೇ ನಿಂತಿದ್ದೇನೆ. ರಾಗಿ ಬೀಸುವಾಗ ಒಂದು ಸದ್ದು, ಮೆಣಸಿನಕಾಯಿಗೆ ಇನ್ನೊಂದು ಸದ್ದು. ಕಿವಿಗೆ ಹತ್ತಿ ಇಟ್ಟುಕೋ ಅಂತ ಯಾರೂ ಹೇಳಲಿಲ್ಲ, ಹೇಳಿದ್ದರೂ ಇಟ್ಟುಕೊಳ್ಳುತ್ತಿರಲಿಲ್ಲ. ಮೊದಲು ಮೊಮ್ಮಗಳ ಮಾತು ತಿಳಿಯದಾಯಿತು. ಆಮೇಲೆ ಹೆಂಗಸರ ಮಾತು. ಗಂಡಸರು ಮಾತಾಡಿದರೆ ಸದ್ದು ಕೇಳುತ್ತಿತ್ತು, ಪದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಂತೂ ಗೊಗ್ಗರು ಸದ್ದು. ನಮ್ಮದು ಜಂಕ್ಷನ್ನು, ಒಂದು ಸಲ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿಬಿಟ್ಟಿದ್ದೆ, ಹೋಗಬೇಕಾದದ್ದು ಬೆಂಗಳೂರಿಗೆ.

ಮಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಸದ್ದೇ ಇಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ನಾನು ಬಹಳ ಹೊತ್ತು ಒತ್ತಲೇ ಇಲ್ಲ, ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ. ಆಮೇಲೆ ಗ್ರಾಫ್ ತೋರಿಸಿದರು. ಎಡಗಡೆ ಸುಮಾರಾಗಿದ್ದ ಗೆರೆ ಬಲಕ್ಕೆ ಹೋಗುತ್ತ ಹೋಗುತ್ತ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಇಳಿದ ಹಾಗೆ ಇಳಿದುಬಿಟ್ಟಿತ್ತು. ಸಣ್ಣ ದನಿಗಳು ಮೊದಲು ಹೋಗುತ್ತವಂತೆ. ಸ, ಶ, ತ, ಕ ಇವೆಲ್ಲ. ಅಕ್ಷರಮಾಲೆಯಲ್ಲಿ ಅರ್ಧ ಅಕ್ಷರ ಅಳಿಸಿ ಉಳಿದದ್ದನ್ನು ಓದು ಅಂದ ಹಾಗೆ.

ಕಿವಿಗೆ ಮಿಷನ್ ಹಾಕಿದರು. ಮನೆಯಲ್ಲಿ, ಎದುರು ಕೂತು ಒಬ್ಬರೇ ಮಾತಾಡಿದರೆ ಚೆನ್ನಾಗಿದೆ. ಪಿಕ್ಚರಿನಲ್ಲಿ ಏನೂ ಪ್ರಯೋಜನವಿಲ್ಲ. ಮಿಷನ್ನಿಗೆ ಮಾತು ಯಾವುದು, ಡ್ರಮ್ಮು ಯಾವುದು ಅಂತ ಗೊತ್ತಾಗಲ್ಲ, ಎಲ್ಲವನ್ನೂ ಜೋರು ಮಾಡುತ್ತದೆ. ನಿಮ್ಮ ಈಗಿನ ಪಿಕ್ಚರುಗಳಲ್ಲಿ ಹೀರೋ ಬಾಗಿಲು ತೆಗೆದರೂ ಹಿಂದೆ ಮ್ಯೂಸಿಕ್ಕು. ನನ್ನ ಕೇಳಿದರೆ ಕಿವಿ ಇರುವವರಿಗೂ ಅದು ಜಾಸ್ತಿಯೇ ಆಯಿತು. ಅದು ಬೇರೆ ವಿಷಯ ಬಿಡಿ.

ಹೀಗೆ ನಾನೂ ತುಟಿ ಓದುವುದಕ್ಕೆ ಕಲಿತೆ. ಕಲಿತ ಮೇಲೆ ಬಾಲಣ್ಣ ಮಾಡಿದ್ದು ಎಂಥ ಕೆಲಸ ಅಂತ ತಿಳಿಯಿತು.

ತುಟಿ ಓದುವುದು ಅಂದರೆ ಪುಸ್ತಕ ಓದಿದ ಹಾಗೆ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ "ಪಾಪ" ಅನ್ನಿ, ಆಮೇಲೆ "ಮಾಮ" ಅನ್ನಿ. ತುಟಿ ಎರಡಕ್ಕೂ ಒಂದೇ ಥರ ಮುಚ್ಚಿ ತೆರೆಯುತ್ತದೆ. ಪ, ಬ, ಮ ಮೂರೂ ನಮಗೆ ಒಂದೇ. ನಮ್ಮ ಮನೆಯವಳು "ಬಳೆ ಬಂತಾ" ಅಂದರೆ ನಾನು ಆಕಾಶ ನೋಡಿದ್ದೇನೆ. ಕ, ಗ, ಹ ಅಂತೂ ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಇರುತ್ತವೆ, ತುಟಿಗೆ ಬರುವುದೇ ಇಲ್ಲ. ಅರ್ಧ ನೋಡಿ, ಅರ್ಧ ಊಹೆ ಮಾಡಬೇಕು. ಎದುರಿನವರು ಮುಖ ತಿರುಗಿಸಿದರೆ ಮುಗಿಯಿತು. ದಪ್ಪ ಮೀಸೆ ಇದ್ದರೂ ಮುಗಿಯಿತು.

ಈಗ ಬಾಲಣ್ಣನವರು ಅಭಿನಯಿಸಿದ ಚಿತ್ರಗಳನ್ನು ನೆನಪು ಮಾಡಿಕೊಳ್ಳಿ. ಪೌರಾಣಿಕ, ಭಕ್ತಿಪ್ರಧಾನ ಚಿತ್ರಗಳ ಕಾಲ ಅದು. ಎದುರಿಗೆ ಎದೆತನಕ ಗಡ್ಡ ಅಂಟಿಸಿಕೊಂಡ ಋಷಿ, ಕೆನ್ನೆ ತುಂಬ ಮೀಸೆಯ ರಾಜ. ತುಟಿ ಎಲ್ಲಿ ಕಾಣಬೇಕು? ಮೇಲೆ ದೀಪದ ಝಳ. ಒಂದೇ ಉಸಿರಿಗೆ ಹೇಳುವ ಉದ್ದುದ್ದ ಮಾತುಗಳು. ಎದುರಿನವನ ಕೊನೆಯ ಪದ ಯಾವುದು ಅಂತ ತಿಳಿದರೆ ತಾನೇ ತನ್ನ ಮಾತು ಶುರು ಮಾಡಬೇಕು? ಇಡೀ ದೃಶ್ಯವನ್ನು ಎಲ್ಲರ ಮಾತಿನ ಸಮೇತ ತಲೆಯಲ್ಲಿ ಇಟ್ಟುಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ಇಷ್ಟಾಗಿ, ನೋಡುವವರಿಗೆ ಬಾಲಣ್ಣನವರ ವಿಶೇಷ ಅಂತ ಕಂಡದ್ದು ಏನು ಹೇಳಿ? ಅವರ ಟೈಮಿಂಗು! ಎದುರಿನವರು ಬಾಯಿ ಮುಚ್ಚುವುದಕ್ಕೂ ಬಾಲಣ್ಣ ಕೊಂಕು ತೆಗೆಯುವುದಕ್ಕೂ ನಡುವೆ ಒಂದು ಕೂದಲು ತೂರುವಷ್ಟು ಜಾಗ ಇರುತ್ತಿರಲಿಲ್ಲ.

ಮೊನ್ನೆ ಮೊನ್ನೆ 'ಕಸ್ತೂರಿ ನಿವಾಸ' ಮತ್ತೆ ನೋಡಿದೆ, ಟಿವಿಯಲ್ಲಿ, ಸದ್ದು ಪೂರ್ತಿ ತೆಗೆದು. ಹೇಗಿದ್ದರೂ ನನಗೆ ಅದರಿಂದ ಉಪಯೋಗ ಇಲ್ಲ. 1971ರ ಚಿತ್ರ, ದೊರೆ-ಭಗವಾನ್ ಅವರದ್ದು. ಬಾಲಣ್ಣ ಅದರಲ್ಲಿ ರಾಮಯ್ಯ. ಕೊಟ್ಟು ಕೊಟ್ಟು ಎಲ್ಲ ಕಳೆದುಕೊಳ್ಳುವ ಯಜಮಾನನನ್ನು ಬಿಟ್ಟುಹೋಗದ ರಾಮಯ್ಯ. ಕಥೆ ನನಗೆ ಬಾಯಿಪಾಠ, ಹಾಗಾಗಿ ಮಾತಿನ ಚಿಂತೆ ಇರಲಿಲ್ಲ. ಸುಮ್ನೆ ರಾಮಯ್ಯನ ಮುಖ ನೋಡುತ್ತ ಕೂತೆ. ರಾಜಕುಮಾರ್ ಮಾತಾಡುವಾಗಲೆಲ್ಲ ಈ ಮನುಷ್ಯನ ಕಣ್ಣು ಅವರ ಮುಖ ಬಿಟ್ಟು ಅಲ್ಲಾಡುವುದಿಲ್ಲ. ತಲೆ ಒಂಚೂರು ಮುಂದೆ ಬಾಗಿರುತ್ತದೆ. ಹಳೆಯ ಆಳು ಯಜಮಾನನ ಮಾತನ್ನು ಎಷ್ಟು ನಿಗಾ ಇಟ್ಟು ಕೇಳುತ್ತಾನೆ, ಎಂಥ ಅಭಿನಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನೋಡಿದರೆ ಆ ಬಾಗು ನನಗೆ ಗೊತ್ತಿರುವ ಬಾಗು. ಅಂಗಡಿಯಲ್ಲಿ ಗಿರಾಕಿ ಮಾತಾಡುವಾಗ ನಾನು ಹಾಗೇ ಬಾಗುತ್ತೇನೆ. ಕೇಳಿಸದ ಕಷ್ಟವನ್ನೇ ಆ ಮನುಷ್ಯ ನಿಷ್ಠೆ ಮಾಡಿ ತೋರಿಸಿಬಿಟ್ಟಿದ್ದಾರೆ. ಅದನ್ನು ನೋಡಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಜಗಲಿ ಮೇಲೆ ಕೂತಿದ್ದೆ.

'ಬಂಗಾರದ ಮನುಷ್ಯ'ದ ರಾಚೂಟಪ್ಪ ಬೇರೆಯೇ ಆಸಾಮಿ. 1972ರಲ್ಲಿ ನನಗೆ ಎಂಟು ವರ್ಷ. ಟೆಂಟ್‌ನಲ್ಲಿ, ಗಾಂಧಿ ಕ್ಲಾಸಿನಲ್ಲಿ, ಮರಳಿನ ಮೇಲೆ ಕೂತು ನೋಡಿದ್ದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ, ನಮ್ಮಲ್ಲಿಗೆ ಬರುವ ಹೊತ್ತಿಗೆ ರೀಲು ಸವೆದು ತೆರೆ ಮೇಲೆ ಗೀರುಗಳ ಮಳೆ ಸುರಿಯುತ್ತಿತ್ತು. ಸ್ಪೀಕರು ಗೊರಗೊರ ಅನ್ನುತ್ತಿತ್ತು. ಆದರೂ ರಾಚೂಟಪ್ಪನ ಒಂದೊಂದು ಮಾತೂ ಹಿಂದಿನ ಸಾಲಿನವರೆಗೆ ತಲುಪುತ್ತಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಕಂಪನಿ ನಾಟಕದಲ್ಲಿ ಮೈಕ್ ಇಲ್ಲದೆ ಕೊನೆಯ ಬೆಂಚಿಗೆ ಮಾತು ಮುಟ್ಟಿಸಿದ ಗಂಟಲು ಅದು. ತನಗೆ ಸರಿಯಾಗಿ ಕೇಳಿಸದ ದನಿಯನ್ನು ಇಡೀ ರಾಜ್ಯಕ್ಕೆ ಕೇಳಿಸಿದರು.

ಅವರು ಬರೀ ಅಭಿನಯಿಸಿ ಸಂಬಳ ತೆಗೆದುಕೊಂಡು ಹೋದವರಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. ಕನ್ನಡ ಚಿತ್ರ ಕಷ್ಟದಲ್ಲಿದ್ದಾಗ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಈ ನಾಲ್ವರು ಕಲಾವಿದರ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿದರು. ಆಮೇಲೆ ತಾವೇ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಮಾಡಿದರು. ಸ್ಟುಡಿಯೋಗಾಗಿ ಮದ್ರಾಸಿಗೆ ಓಡುವ ಕಾಲ ಅದು. ಕನ್ನಡದವರಿಗೆ ಬೆಂಗಳೂರಲ್ಲೇ ಸ್ಟುಡಿಯೋ ಬೇಕು ಅಂತ ಸರ್ಕಾರ ಕೊಟ್ಟ ಇಪ್ಪತ್ತು ಎಕರೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ದುಡಿದದ್ದನ್ನು ಅದಕ್ಕೇ ಸುರಿದರು. ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಆದದ್ದೂ ಅಲ್ಲೇ. ಆ ಜಾಗದ ಜಗಳ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು, ನಾನು ಅದಕ್ಕೆ ಕೈ ಹಾಕುವುದಿಲ್ಲ. ಬಾಲಣ್ಣ ಅಂದರೆ ಈಗಿನ ಹುಡುಗರಿಗೆ ಆ ಜಮೀನಿನ ಸುದ್ದಿ ಮಾತ್ರ ನೆನಪಾಗುತ್ತದೆ ಅನ್ನುವುದೇ ನನ್ನ ಹೊಟ್ಟೆಯುರಿ.

ಇನ್ನೊಂದು ಮಾತು. ನಮ್ಮ ಹಾಸ್ಯದಲ್ಲಿ ಕಿವುಡ ಅಂದರೆ ನಗುವ ಸರಕು. ಒಂದು ಕೇಳಿದರೆ ಇನ್ನೊಂದು ಉತ್ತರ, ಅದಕ್ಕೆ ಒಂದು ಚಪ್ಪಾಳೆ. ನಾಟಕದಲ್ಲೂ ಇತ್ತು, ಸಿನಿಮಾದಲ್ಲೂ ಬಂತು, ಈಗ ಟಿವಿಯ ಕಾಮಿಡಿ ಕಾರ್ಯಕ್ರಮದಲ್ಲೂ ಇದೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅಷ್ಟು ದಶಕ ಸೆಟ್‌ನಲ್ಲಿ ನಿಜವಾಗಿ ಕಿವಿ ಕೇಳಿಸದೆ ನಿಂತಿದ್ದ ಮನುಷ್ಯ ತನ್ನ ಮಾತಿನ ಸರದಿ ಒಂದು ಸಲವೂ ತಪ್ಪಲಿಲ್ಲ. ತಪ್ಪಿದ್ದರೆ ತಾನೇ ನಗು?

ಈಗ ವಿಷಯಕ್ಕೆ ಬರುತ್ತೇನೆ.

1934ರ ಮಾರ್ಚ್ 3ರಂದು 'ಸತಿ ಸುಲೋಚನ' ಬಿಡುಗಡೆಯಾಯಿತು, ಕನ್ನಡ ಚಿತ್ರ ಮಾತಾಡಿತು ಅಂತ ಪ್ರತಿ ವರ್ಷ ಹೇಳಿಕೊಳ್ಳುತ್ತೇವೆ. ಹೆಮ್ಮೆಯ ದಿನವೇ. ಆದರೆ ಅದಕ್ಕೆ ಮುಂಚೆ ಮೂಕಿ ಚಿತ್ರ ಇತ್ತಲ್ಲ, ಅದರಲ್ಲಿ ಮಾತು ಅಕ್ಷರವಾಗಿ ತೆರೆ ಮೇಲೆ ಬರುತ್ತಿತ್ತು. ಓದಲು ಬಂದರೆ ಸಾಕು, ಕಿವುಡನೂ ಕಿವಿ ಇದ್ದವನೂ ಒಂದೇ ಬೆಂಚಿನಲ್ಲಿ ಒಂದೇ ಪಿಕ್ಚರ್ ನೋಡುತ್ತಿದ್ದರು. ಸಿನಿಮಾಕ್ಕೆ ಮಾತು ಬಂದ ದಿನ ನಮ್ಮನ್ನು ಹೊರಗೆ ಕಳಿಸಿದ ಹಾಗಾಯಿತು. ಬೇಕಂತ ಯಾರೂ ಮಾಡಲಿಲ್ಲ. ತೊಂಬತ್ತು ವರ್ಷವಾದರೂ ಯಾರೂ ವಾಪಸ್ ಕರೆಯಲೂ ಇಲ್ಲ.

ನಡುವೆ ಒಂದು ಉಪಕಾರ ಇತ್ತು, ಹಾಡಿನ ಪುಸ್ತಕ. ಟೆಂಟಿನ ಹೊರಗೆ ಚಿಲ್ಲರೆ ಕಾಸಿಗೆ ಮಾರುತ್ತಿದ್ದರು. ಮೊದಲು ಕಥಾಸಾರ, ಆಮೇಲೆ ಹಾಡುಗಳು. ಕಥೆ ಸರಿಯಾಗಿ ಬಿಗಿಗೊಳ್ಳುವ ಕಡೆ ನಿಲ್ಲಿಸಿ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ" ಅಂತ ಬರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಹುಟ್ಟು ಕಿವುಡ ದರ್ಜಿಯೊಬ್ಬರಿದ್ದರು. ಟೆಂಟಿಗೆ ಹೊಸ ಪಿಕ್ಚರ್ ಬಂದ ದಿನ ಅವರು ಮೊದಲು ಪುಸ್ತಕ ಕೊಳ್ಳುತ್ತಿದ್ದರು, ಓದಿ ಮುಗಿಸಿ ಮಾರನೇ ದಿನ ಪಿಕ್ಚರಿಗೆ ಹೋಗುತ್ತಿದ್ದರು. ಕೊನೆಯ ಭಾಗ ಮಾತ್ರ ಅವರಿಗೆ ಯಾವತ್ತೂ ಅರ್ಥವಾಗುತ್ತಿರಲಿಲ್ಲ. ನಮ್ಮ ತಂದೆ ಮಿಲ್ಲಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೇಳುತ್ತಿದ್ದರು, ಯಾರು ಸತ್ತರು, ಯಾರಿಗೆ ಮದುವೆಯಾಯಿತು ಅಂತ. ಈಗ ಆ ಪುಸ್ತಕವೂ ಇಲ್ಲ.

ನನಗೆ ಈಗ ಸೀಮೆಸುಣ್ಣದ ಕೆಲಸ ಮಾಡುವುದು ನಮ್ಮ ಮನೆಯವಳು. ಥಿಯೇಟರಿನಲ್ಲಿ ನನ್ನ ಕಡೆ ತಿರುಗಿ, ತೆರೆಯ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು, ಸದ್ದಿಲ್ಲದೆ ಬಾಯಿ ಆಡಿಸಿ ಮಾತು ಹೇಳುತ್ತಾಳೆ. ಪಿಕ್ಚರ್ ಕತ್ತಲಾದರೆ ಅವಳ ಮುಖವೂ ಕತ್ತಲು. ರಾತ್ರಿಯ ದೃಶ್ಯ ಬಂತೆಂದರೆ ನನಗೆ ಕಥೆ ಇಲ್ಲ. ಒಂದು ಸಲ ಅವಳಿಗೆ ಗೊತ್ತಿಲ್ಲದ ಹಾಗೆ ದನಿ ಹೊರಬಿತ್ತು, ಹಿಂದಿನ ಸೀಟಿನ ಹುಡುಗ ಸೀಟಿಗೆ ಕಾಲಿನಿಂದ ತಟ್ಟಿದ. ಅವಳೂ ದುಡ್ಡು ಕೊಟ್ಟು ಬಂದವಳೇ. ಎರಡೂವರೆ ಗಂಟೆ ತೆರೆ ಕಡೆ ಬೆನ್ನು ಮಾಡಿಕೊಂಡು ನನ್ನ ಮುಖ ನೋಡುವುದಕ್ಕಾ ಅವಳು ಬೆಂಗಳೂರಿಗೆ ಬಂದದ್ದು? ಅವಳಿಗೂ ಪಿಕ್ಚರ್ ಇಲ್ಲ, ನನಗೂ ಅರ್ಧ.

ಕಾನೂನು ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, ಅದರ 42ನೇ ಕಲಮು ಮಾಧ್ಯಮಗಳಲ್ಲಿ ಅಕ್ಷರ, ಸನ್ನೆ ಭಾಷೆ, ಕಣ್ಣು ಕಾಣದವರಿಗೆ ದೃಶ್ಯದ ವಿವರಣೆ ಇರಬೇಕು ಅನ್ನುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಹಿಂದಿಯ 'ಪಠಾಣ್' ಚಿತ್ರದ ನಿರ್ಮಾಪಕರಿಗೆ ಓಟಿಟಿ ಬಿಡುಗಡೆಗೆ ಇವನ್ನೆಲ್ಲ ಸಿದ್ಧಮಾಡಿ ಅಂತ ಹೇಳಿತು. ಗಮನಿಸಿ, ಹಿಂದಿ ಚಿತ್ರಕ್ಕೆ ಹಿಂದಿ ಅಕ್ಷರ. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೂ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಕ್ಕೆ ಆರು ತಿಂಗಳ ಗಡುವು, ಮಿಕ್ಕವಕ್ಕೆ ಎರಡು ವರ್ಷ. 2011ರ ಜನಗಣತಿಯಲ್ಲಿ ಕಿವಿಯ ತೊಂದರೆ ಅಂತ ಬರೆಸಿದವರೇ ದೇಶದಲ್ಲಿ ಐವತ್ತು ಲಕ್ಷ. ನನ್ನ ಥರ ಮಿಲ್ಲು, ಮಗ್ಗ, ಲೇತಿನ ಪಕ್ಕ ನಿಂತು ಕಿವಿ ಕಳೆದುಕೊಂಡು, "ಸ್ವಲ್ಪ ಮಂದ ಅಷ್ಟೇ" ಅಂತ ಹೇಳಿಕೊಂಡು ತಿರುಗುವವರು ಇದರಲ್ಲಿ ಎಷ್ಟು ಜನ ಸೇರಿದ್ದೇವೋ!

ಆದರೆ ನಾನು ಕಾನೂನಿನ ದೊಣ್ಣೆ ಹಿಡಿದು ಬಂದಿಲ್ಲ. ದೊಣ್ಣೆಗೆ ಹೆದರಿ ಹಾಕುವ ಅಕ್ಷರ ಹೇಗಿರುತ್ತದೆ ಗೊತ್ತಾ? ಮೊಬೈಲ್‌ನಲ್ಲಿ ಕಂಪ್ಯೂಟರು ತಾನೇ ಕೇಳಿಸಿಕೊಂಡು ಹಾಕುವ ಅಕ್ಷರದ ಹಾಗಿರುತ್ತದೆ. ಅದನ್ನು ಮಗಳು ಹಾಕಿಕೊಟ್ಟು ನೋಡಿದ್ದೇನೆ. ಅಳುವ ದೃಶ್ಯದಲ್ಲಿ ನಗು ಬಂದುಬಿಡುತ್ತದೆ. ಮಂಡ್ಯದ ಮಾತು ಅದಕ್ಕೆ ಹತ್ತುವುದಿಲ್ಲ, ಧಾರವಾಡದ್ದಂತೂ ಕೇಳಲೇಬೇಡಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನಮಗೆ ಬೇಕಾದದ್ದು ಕನ್ನಡ ಗೊತ್ತಿರುವ ಮನುಷ್ಯ ಕೂತು ಬರೆದ ಅಕ್ಷರ. ಪಾತ್ರ ಹೇಗೆ ಮಾತಾಡುತ್ತದೋ ಹಾಗೇ. "ಎಲ್ಲಿಗೋಗಿದ್ಲಾ" ಅಂದರೆ ಹಾಗೇ ಬರೆಯಿರಿ, "ಎಲ್ಲಿಗೆ ಹೋಗಿದ್ದೆ" ಅಂತ ತಿದ್ದಬೇಡಿ. ಕುಂದಾಪುರದವರು ಮಾತಾಡಿದರೆ ಕುಂದಾಪುರದ್ದು. ಯಾರ ಮಾತು ಅಂತ ತಿಳಿಯಬೇಕು, ಮುಖ ಕಾಣದೆ ಮಾತು ಬಂದರೆ ಹೆಸರು ಹಾಕಿ. ಆಮೇಲೆ ಸದ್ದುಗಳು. ಇದನ್ನು ಎಲ್ಲರೂ ಮರೆಯುತ್ತಾರೆ. ಪತ್ತೇದಾರಿ ಪಿಕ್ಚರಿನಲ್ಲಿ ಹೀರೋಯಿನ್ ಒಬ್ಬಳೇ ಕೂತಿದ್ದಾಳೆ, ಇದ್ದಕ್ಕಿದ್ದ ಹಾಗೆ ಬೆಚ್ಚಿಬೀಳುತ್ತಾಳೆ, ಇಡೀ ಥಿಯೇಟರೂ ಬೆಚ್ಚಿಬೀಳುತ್ತದೆ. ನಾನು ಮಾತ್ರ ಕಳ್ಳೇಕಾಯಿ ತಿನ್ನುತ್ತ ಕೂತಿರುತ್ತೇನೆ. ಏನಾಯಿತು? ಬಾಗಿಲು ಬಡಿದರಾ, ಫೋನು ಬಂತಾ, ಬೆಕ್ಕು ಪಾತ್ರೆ ಬೀಳಿಸಿತಾ? "ಮಹಡಿ ಮೇಲೆ ಧಡ್ ಅಂತ ಸದ್ದು" ಅಂತ ಒಂದು ಸಾಲು ಬಂದರೆ ನಾನೂ ಎಲ್ಲರ ಜೊತೆ ಬೆಚ್ಚಿಬೀಳುತ್ತೇನೆ.

ಸದ್ದಿಗೆ ನಮ್ಮ ಭಾಷೆಯಲ್ಲಿ ಪದಕ್ಕೆ ಬರವಾ? ಬಾಗಿಲು ಕಿರ್ ಅನ್ನುತ್ತದೆ, ಮಳೆ ಧೋ ಅನ್ನುತ್ತದೆ, ಜಿಟಿಜಿಟಿ ಅನ್ನುತ್ತದೆ. ಬಳೆ ಘಲ್, ಗೆಜ್ಜೆ ಝಲ್, 'ಪಟಪಟ' ಬೇರೆ 'ಟಪಟಪ' ಬೇರೆ. ತರಗೆಲೆ ಸರಸರ, ಹೊಟ್ಟೆ ಗೊಳಗೊಳ. ಒಲೆ ಮೇಲೆ ಹುಳಿ ಕೊತಕೊತ ಕುದಿಯುತ್ತದೆ. ಈ ಪದ ಓದಿದರೆ ಸಾಕು, ಒಂದು ಕಾಲದಲ್ಲಿ ಕೇಳಿದ್ದೆಲ್ಲ ತಲೆಯೊಳಗೆ ಮತ್ತೆ ಕೇಳಿಸುತ್ತದೆ. ಹುಟ್ಟಿನಿಂದ ಕೇಳದವರ ಅನುಭವ ಬೇರೆ ಇರುತ್ತದೆ, ಅವರ ಪರವಾಗಿ ನಾನು ಮಾತಾಡುವುದು ಸರಿಯಲ್ಲ, ಅವರನ್ನೇ ಕೇಳಿ. ನನ್ನಂಥ ಕೇಳಿ ಕಳೆದುಕೊಂಡವರಿಗಂತೂ ಅದು ಹಬ್ಬ.

ಖರ್ಚು ಅನ್ನುತ್ತೀರಿ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದಿಂದ ಅನುವಾದ ಮಾಡಿಸಬೇಕು. ಕನ್ನಡ ಅಕ್ಷರಕ್ಕೆ ಅನುವಾದವೇ ಬೇಡ. ಡಬ್ಬಿಂಗ್‌ಗೆ ಸಂಭಾಷಣೆಯ ಪ್ರತಿ ಹೇಗಿದ್ದರೂ ಇರುತ್ತದೆ, ಯಾವ ಮಾತು ಯಾವ ಕ್ಷಣಕ್ಕೆ ಅನ್ನುವ ಲೆಕ್ಕ ಇಂಗ್ಲಿಷ್ ಅಕ್ಷರಕ್ಕೆ ಆಗಲೇ ಹಾಕಿರುತ್ತೀರಿ. ಅದೇ ಜಾಗದಲ್ಲಿ ಕನ್ನಡ ಕೂರಿಸಬೇಕು, ಸದ್ದುಗಳನ್ನು ಸೇರಿಸಬೇಕು. ಒಂದು ಹಾಡಿಗೆ ಹಾಕುವ ಹೂವಿನ ಕುಂಡದ ಖರ್ಚೂ ಬರಲಿಕ್ಕಿಲ್ಲ.

ಅಕ್ಷರ ಬಂದರೆ ತೆರೆ ಕೆಡುತ್ತದೆ ಅನ್ನುತ್ತೀರಿ. ನನ್ನ ಅಳಿಯ ಕೊರಿಯಾದ ಸೀರಿಯಲ್ಲನ್ನು ಕೆಳಗೆ ಬರುವ ಅಕ್ಷರ ಓದಿಕೊಂಡು ರಾತ್ರಿ ಎರಡು ಗಂಟೆಯ ತನಕ ನೋಡುತ್ತಾನೆ. ಮಲಯಾಳಂ ಪಿಕ್ಚರೂ ಹಾಗೇ. ಅವರ ತೆರೆ ಕೆಡಲಿಲ್ಲ. ಮಕ್ಕಳ ವಿಷಯವನ್ನೂ ಯೋಚಿಸಿ. 1999ರಲ್ಲಿ ಗುಜರಾತಿನ ದೂರದರ್ಶನದಲ್ಲಿ ಹಾಡಿನ ಕಾರ್ಯಕ್ರಮಕ್ಕೆ ಅದೇ ಭಾಷೆಯ ಅಕ್ಷರ ಹಾಕಿದರು. ಉದ್ದೇಶ ಕಿವುಡರಲ್ಲ, ಹಾಡು ನೋಡುತ್ತ ಜನಕ್ಕೆ ಓದು ಪಳಗಲಿ ಅಂತ. ನನ್ನ ಮೊಮ್ಮಗಳು ಬೆಂಗಳೂರಿನ ಸ್ಕೂಲಿನಲ್ಲಿ ಓದುತ್ತಾಳೆ. ಕನ್ನಡ ಮಾತಾಡುತ್ತಾಳೆ, ಓದು ಅಂದರೆ ಕೂಡಿಸಿ ಕೂಡಿಸಿ ಓದುತ್ತಾಳೆ. ಅವಳೂ ನಾನೂ ಪಕ್ಕಪಕ್ಕ ಕೂತು ಓದುತ್ತ ನೋಡುವ ಪಿಕ್ಚರ್ ಒಂದಿದ್ದರೆ ಅಂತ ಆಸೆ.

ಹೀಗಾಗಿ ನಾನು ಕೇಳುವುದು ಇಷ್ಟು. ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ಅದು ನಾನು ಕೊಡುವ ತೆರಿಗೆಯಿಂದಲೂ ಬರುತ್ತದೆ. ಸಹಾಯಧನದ ಅರ್ಜಿಯಲ್ಲಿ ಕನ್ನಡ ಅಕ್ಷರದ ಪ್ರತಿ ಇರಲೇಬೇಕು ಅಂತ ಒಂದು ಸಾಲು ಸೇರಿಸಲು ಮಂಡಳಿಯವರೂ ಅಕಾಡೆಮಿಯವರೂ ಸೇರಿ ಒತ್ತಾಯ ಮಾಡಿ. ಪ್ರತಿ ಹೊಸ ಚಿತ್ರಕ್ಕೆ ವಾರದಲ್ಲಿ ಒಂದಾದರೂ ಶೋ ಕನ್ನಡ ಅಕ್ಷರದ್ದು ಇರಲಿ, ಭಾನುವಾರವೇ ಬೇಕು ಅಂತಿಲ್ಲ, ಮಂಗಳವಾರ ಬೆಳಗ್ಗೆ ಆದರೂ ಬರುತ್ತೇವೆ. ಓಟಿಟಿಗೆ ಚಿತ್ರ ಕೊಡುವಾಗ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷಿನ ಪಕ್ಕ ಕನ್ನಡವೂ ಇರಲಿ ಅಂತ ಕರಾರಿನಲ್ಲೇ ಬರೆಸಿ.

ಮತ್ತೆ ಹಳೆಯ ಚಿತ್ರಗಳು. ಎಲ್ಲವನ್ನೂ ಒಟ್ಟಿಗೆ ಮಾಡುವುದು ಆಗದ ಕೆಲಸ, ಗೊತ್ತು. ಬಾಲಣ್ಣನವರ ಚಿತ್ರಗಳಿಂದ ಶುರು ಮಾಡಿ. ಅವರು ಅಭಿನಯಿಸಿದ ಚಿತ್ರಗಳ ಪಟ್ಟಿ ಹಿಡಿದು ಹೊರಟರೆ ಕನ್ನಡದ ಒಳ್ಳೆಯ ಚಿತ್ರಗಳು ಹೇಗಿದ್ದರೂ ಮುಕ್ಕಾಲು ಪಾಲು ಅದರಲ್ಲೇ ಸಿಗುತ್ತವೆ.

ನಾನು ಕೈಕಟ್ಟಿ ಕೂತಿಲ್ಲ. 'ಕಸ್ತೂರಿ ನಿವಾಸ'ದ ರಾಮಯ್ಯನ ಒಂದು ದೃಶ್ಯವನ್ನು ನಾವು ಮನೆಯಲ್ಲೇ ಬರೆಯಲು ಶುರು ಮಾಡಿದ್ದೇವೆ. ನಮ್ಮ ಮನೆಯವಳು ಕೇಳಿ ಹೇಳುತ್ತಾಳೆ, ನಾನು ಮಿಲ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತೇನೆ. ನಾಲ್ಕು ನಿಮಿಷದ ದೃಶ್ಯಕ್ಕೆ ಎರಡು ಸಂಜೆ ಹಿಡಿಯಿತು. ಒಂದು ಕಡೆ ಬಾಲಣ್ಣ ಮಾತಾಡದೆ ಬರೀ ಗಂಟಲಲ್ಲಿ ಒಂದು ಸದ್ದು ಮಾಡುತ್ತಾರಂತೆ. ಅಳುವೂ ಅಲ್ಲ, ಕೆಮ್ಮೂ ಅಲ್ಲ, "ಹ್ಞೂ" ಅನ್ನುವುದೂ ಅಲ್ಲ ಅನ್ನುತ್ತಾಳೆ ಇವಳು. ಅದನ್ನು ಹೇಗೆ ಬರೆಯಬೇಕೋ ಇನ್ನೂ ತೀರ್ಮಾನವಾಗಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇವೆ.

ಬರುವ ಜುಲೈ 19ಕ್ಕೆ ಬೆಂಗಳೂರಿನಲ್ಲಿ ಎಲ್ಲಾದರೂ ಸರಿ, ಅವರದ್ದೊಂದು ಚಿತ್ರವನ್ನು ಕನ್ನಡ ಅಕ್ಷರದ ಜೊತೆ ಹಾಕಿ. ಪುಕ್ಕಟೆ ಬೇಡ, ಟಿಕೆಟ್ ಇಡಿ. ನಾಲ್ಕು ಟಿಕೆಟ್ ನಮ್ಮದು. ಆ ದಿನ ಮಿಲ್ಲಿಗೆ ಬೀಗ ಹಾಕಿ ಬೆಳಗಿನ ಗಾಡಿಗೇ ಹೊರಡುತ್ತೇವೆ. ಈ ಸಲ ಬೋರ್ಡು ನೋಡಿಕೊಂಡೇ ಹತ್ತುತ್ತೇನೆ.

ಇಂತಿ,
ಅರಸೀಕೆರೆಯ ಒಬ್ಬ ಪ್ರೇಕ್ಷಕ